ಹಾರುವ ಓತಿ

ಕೋವಾಡದಿಂದ ಪಶ್ಚಿಮಕ್ಕೆ ಘಟ್ಟ ಇಳಿದರೆ ಸಿಗುವ ಗೋವೆಯ ಕಾಡುಗಳಲ್ಲಿ ಹಾರುವ ಓತಿ ವಾಸಿಸುತ್ತದೆ. ನಮ್ಮ ಬೇಲಿಯ ಓತಿಕ್ಯಾತನ ಬಂಧು ಇದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಕಾಡು ಹೊಕ್ಕು ಹುಡುಕುವುದು ಇದನ್ನೇ.

ಇದಕ್ಕೆ ಹಕ್ಕಿಯಂಥ ರೆಕ್ಕೆಯಿಲ್ಲ. ಪಕ್ಕೆಯ ಕೆಲವು ಎಲುಬುಗಳು ಉದ್ದಕ್ಕೆ ಹೊರಚಾಚಿದ್ದು, ಅವುಗಳ ಮೇಲೆ ತೆಳು ಚರ್ಮ ಹಬ್ಬಿದೆ; ಛತ್ರಿಯ ಕಡ್ಡಿಗೆ ಬಟ್ಟೆ ಹೊದಿಸಿದ ಹಾಗೆ. ಎತ್ತರದಿಂದ ಜಿಗಿದು, ಅದನ್ನು ಬಿಚ್ಚಿ, ಮುಂದಿನ ಮರಕ್ಕೆ ತೇಲಿಕೊಂಡು ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಹಾರಲಾರದು, ಕಾಂಡ ಹತ್ತಲೇಬೇಕು. ಮಡಚಿಕೊಂಡು ಕೂತರೆ ತೊಗಟೆಯದೇ ಬಣ್ಣ. ಗಂಡು ತನ್ನ ಗಂಟಲಿನ ಹಳದಿ ತೊಗಲನ್ನು ಚಾಚಿದಾಗ ಮಾತ್ರ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಮುಖ್ಯ ಆಹಾರ ಇರುವೆ.

ನೆಲಕ್ಕಿಳಿಯುವುದು ಅಪರೂಪ. ಹೆಣ್ಣು ಮಾತ್ರ ಮೊಟ್ಟೆಯಿಡಲು ಇಳಿದು, ಮಣ್ಣು ಕೆದರಿ, ಕೆಲವೇ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ನಾಯಿಗೆ, ಹುಡುಗರ ಕಲ್ಲಿಗೆ ಅದು ಸಿಗುವುದು ಆಗಲೇ.

ಓತಿ ರಕ್ತ ಹೀರುತ್ತದೆ ಎಂದು ಹಿರಿಯರೇ ಮಕ್ಕಳಿಗೆ ಹೇಳಿಕೊಡುತ್ತಾರಲ್ಲ, ಅದು ಶುದ್ಧ ಸುಳ್ಳು. ಓತಿಕ್ಯಾತನ ಕತ್ತು ಕೆಂಪಾಗುವುದು ಗಂಡಿಗೆ ಬೆದೆಗಾಲದಲ್ಲಿ ಬರುವ ಬಣ್ಣ. ಎರಡಕ್ಕೂ ಮನುಷ್ಯನನ್ನು ಕೊಲ್ಲುವ ವಿಷವಿಲ್ಲ. ಹಿಡಿಯಲು ಹೋಗಿ ಕಚ್ಚಿಸಿಕೊಂಡರೆ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಚರ್ಮ ಹರಿದಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ.