ಹೊಸದಾಗಿ ಶತಾವರಿ ಬೆಳೆಯುವವರಿಗೆ

ಬುಡದಲ್ಲಿ ಗೊಂಚಲು ಗೊಂಚಲಾಗಿ ಗೆಡ್ಡೆಬೇರು ಬಿಡುವ ಶತಾವರಿಯನ್ನು ‘ಹಲವು ಮಕ್ಕಳ ತಾಯಿಬೇರು’ ಎಂದೂ ಕರೆಯುತ್ತಾರೆ. ಔಷಧಿಗೆ ಬೇಕಾಗುವುದು ಈ ಬೇರೇ. ನೀರು ನಿಂತರೆ ಅದು ಕೊಳೆಯುತ್ತದೆ. ಆದ್ದರಿಂದ ಭೂಮಿಯ ಆಯ್ಕೆಯೇ ಮೊದಲ ಕೆಲಸ.

ಸಂಡೂರು, ಹೊಸಪೇಟೆ ಕಡೆಯ ನೀರು ಬಸಿದು ಹೋಗುವ ಮಸಾರಿ ಭೂಮಿ ಇದಕ್ಕೆ ಒಗ್ಗುತ್ತದೆ. ಕಂಪ್ಲಿಯ ಭತ್ತದ ಗದ್ದೆಗಳಲ್ಲಿ, ಹಂಪಿಯ ಕಾಲುವೆ ಕೆಳಗಿನ ಜೌಗು ನೆಲದಲ್ಲಿ ನಾಟಿ ಮಾಡಬಾರದು.

ಕೆಂಪಗೆ ಮಾಗಿದ ಹಣ್ಣಿನಿಂದ ಬೀಜ ತೆಗೆದು, ರಾತ್ರಿಯಿಡೀ ನೆನೆಸಿ, ಏರುಮಡಿಯಲ್ಲಿ ಬಿತ್ತಿರಿ. ಬೀಜದ ಸಿಪ್ಪೆ ಗಟ್ಟಿ. ಮೊಳೆಯಲು 3–4 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅವಸರಪಟ್ಟು ಮಡಿ ಕೆದಕಬೇಡಿ. ಮಳೆಗಾಲದಲ್ಲಿ ಕೊಟ್ಟಿಗೆ ಗೊಬ್ಬರ ಬೆರೆಸಿದ ಬೋದುಗಳ ಮೇಲೆ 60 ಸೆಂ.ಮೀ. ಅಂತರದಲ್ಲಿ ಸಸಿ ನೆಟ್ಟು, ಬಳ್ಳಿ ಹಬ್ಬಲು ಕೋಲಿನ ಆಸರೆ ಕೊಡಿರಿ. ಕಳೆ ಬೆಳೆಯಗೊಡಬೇಡಿ.

ಬೇರು ಕೀಳಲು 18ರಿಂದ 24 ತಿಂಗಳು ಕಾಯಬೇಕು. ಅಷ್ಟು ದಿನ ಹಣ ಕೈಸೇರದು. ಆದಕಾರಣ ಕೊಳ್ಳುವವರನ್ನು ಮೊದಲೇ ವಿಚಾರಿಸಿ, ಮೊದಲ ಸಲ ಎರಡು ಮೂರು ಗುಂಟೆಯಲ್ಲಿ ಮಾತ್ರ ಬೆಳೆಯಿರಿ. ಕಿತ್ತ ಬೇರನ್ನು ತೊಳೆದು, ಸಿಪ್ಪೆ ಸುಲಿದು, ನೆರಳಿನಲ್ಲಿ ಒಣಗಿಸಿರಿ. ಮೊಳಕೆಯಿರುವ ಬುಡವನ್ನು ಮತ್ತೆ ನೆಡಬಹುದು.

ಸಂಡೂರಿನ ಕಾಡಿನಿಂದ ಮಾತ್ರ ಗಿಡ ಅಗೆದು ತರಬೇಡಿ. ಬೇರು ಕಿತ್ತರೆ ಅಲ್ಲಿ ಗಿಡವೇ ಉಳಿಯದು.