ಚೀಲದೊಳಗೇನಿದೆ? ಬೆರಳೇ ಹೇಳು!

ಮಕ್ಕಳೇ, ಮನೆಯಲ್ಲಿ ಪುಟ್ಟ ತಮ್ಮ, ತಂಗಿ ಇದ್ದಾರೆಯೇ? ಅವರಿಗೊಂದು ಆಟಿಕೆ ಮಾಡೋಣ. ನಮ್ಮ ಕೋಟನೂರ ಕಡೆ ಜೋಳ, ಕಡಲೆ, ತೊಗರಿ ಸುಲಭವಾಗಿ ಸಿಗುತ್ತವೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ!

ಹಳೆಯ ಬಟ್ಟೆಯ ಮೂರು ಪುಟ್ಟ ಚೀಲಗಳಲ್ಲಿ ಇವನ್ನು ಬೇರೆ ಬೇರೆಯಾಗಿ ತುಂಬಿ. ದೊಡ್ಡವರಿಂದ ಬಾಯಿಯನ್ನು ಒತ್ತಾಗಿ ಹೊಲಿಸಿ. ಮಗು ಎಷ್ಟು ಹಿಸುಕಿದರೂ, ಅಲುಗಾಡಿಸಿದರೂ ಕಾಳು ಚೆಲ್ಲುವುದಿಲ್ಲ.

ಈಗ ನೀವು ಕಣ್ಣು ಮುಚ್ಚಿ. ಚೀಲವನ್ನು ಮೊದಲು ತೋಳಿಗೆ ಒತ್ತಿ, ಬಳಿಕ ಬೆರಳ ತುದಿಯಿಂದ ಮುಟ್ಟಿ. ಒಳಗಿನ ಕಾಳು ಯಾವುದೆಂದು ಯಾವಾಗ ತಿಳಿಯಿತು? ಬೆರಳ ತುದಿಯಲ್ಲಿ ಸ್ಪರ್ಶ ಗ್ರಾಹಕಗಳು ಒತ್ತಾಗಿವೆ, ತೋಳಿನಲ್ಲಿ ವಿರಳವಾಗಿವೆ. ಅವು ಕೊಡುವ ಸಂದೇಶ ನರಗಳ ಮೂಲಕ ಮಿದುಳು ತಲುಪುತ್ತದೆ.

ಎಚ್ಚರಿಕೆ: ಕಾಳು ಶ್ವಾಸನಾಳಕ್ಕೆ ಹೋದರೆ ಮಗುವಿಗೆ ಉಸಿರು ಕಟ್ಟುತ್ತದೆ. ಹೊಲಿಗೆ ಬಿಚ್ಚಿದ ಚೀಲ ಕೊಡಬೇಡಿ. ಆಟ ಮುಗಿಯುವವರೆಗೆ ಹಿರಿಯರೊಬ್ಬರು ಪಕ್ಕದಲ್ಲೇ ಇರಲಿ.