ಸುತ್ತಿಗೆ ಎತ್ತುವ ಮೊದಲು

ಮಗು, ಚೆನ್ನೈನ ಪುದುಪೇಟೆಯ ಷೆಡ್ಡಿನಲ್ಲಿ ಈ ವಾರ ಹಳೇ ಮಾರುತಿ ಝೆನ್ ಒಂದರ ಗೇರ್‌ಬಾಕ್ಸ್ ನಿನ್ನ ಕೈಗೆ ಬರಲಿದೆ ಎಂದು ನಿನ್ನಪ್ಪ ಫೋನಿನಲ್ಲಿ ಹೇಳಿದ. ಒಬ್ಬನೇ ಬಿಚ್ಚುವುದು ಇದೇ ಮೊದಲಂತೆ. ಅದಕ್ಕೇ ಬರೆಯುತ್ತಿದ್ದೇನೆ.

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಕಳಚು. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ಮಲಗಬೇಡ, ಸ್ಟ್ಯಾಂಡ್ ಕೊಟ್ಟೇ ಮಲಗು. ಯಾರು ಎಷ್ಟೇ ಅವಸರ ಮಾಡಿದರೂ ಇದನ್ನು ಬಿಡಬೇಡ.

ಆಯಿಲ್ ಇಳಿಸುವಾಗ ತಟ್ಟೆಯ ಮುಂದೆ ಕೂತು ನೋಡು. ನುಣ್ಣನೆಯ ಬೂದು ಮಡ್ಡಿ ಸ್ವಲ್ಪ ಇದ್ದರೆ ಸಹಜ. ಹಿತ್ತಾಳೆಯ ಹೊಳಪು ಕಂಡರೆ ಸಿಂಕ್ರೊ ರಿಂಗ್ ಸವೆಯುತ್ತಿದೆ. ಉಕ್ಕಿನ ಚೂರು ಸಿಕ್ಕರೆ ಹಲ್ಲು ಮುರಿದಿರಬಹುದು. ಹಾಲು ಬೆರೆಸಿದ ಕಾಫಿಯ ಹಾಗೆ ಇಳಿದರೆ ನೀರು ಹೊಕ್ಕಿದೆ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿದಾಗ ಅಂಥ ಗಾಡಿಗಳನ್ನು ಬೇಕಾದಷ್ಟು ನೋಡಿದೆ. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ಕಿಂಡಿ ಇರುತ್ತದೆ. ಗಾಡಿ ಮುಳುಗಿದರೆ ಅದೇ ನೀರಿಗೂ ದಾರಿ. ಎಂಜಿನ್ ಒಣಗಿಸಿದವರು ಗೇರ್ ಆಯಿಲ್ ಮರೆತರು, ಬೇರಿಂಗಿಗೆ ತುಕ್ಕು ಹಿಡಿದು ಆಮೇಲೆ ಗುಂಯ್ ಎನ್ನತೊಡಗಿತು. ಮಳೆಗಾಲ ಕಂಡ ಚೆನ್ನೈ ಗಾಡಿಯಾದರೆ ನೀರಲ್ಲಿ ಮುಳುಗಿತ್ತೇ ಎಂದು ಮರೆಯದೆ ಕೇಳು.

ಇನ್ನು ಗಾಡಿಯಿಂದ ಇಳಿಸಿದ ಗೇರ್‌ಬಾಕ್ಸಿನ ಹೌಸಿಂಗ್, ಅಂದರೆ ಎರಡು ಭಾಗದ ಹೊರಪೆಟ್ಟಿಗೆ. ಸುತ್ತಲಿನ ಬೋಲ್ಟ್‌ಗಳೆಲ್ಲ ಬಂದ ಮೇಲೂ ಅದು ಅಲ್ಲಾಡುವುದಿಲ್ಲ. ಕೆಲಸ ಕಲಿಯುವಾಗ ನಾನು ಇದೇ ಹಂತದಲ್ಲಿ ಉಳಿ ತೂರಿಸಿ ಹೊಡೆದೆ. ಅಲ್ಯೂಮಿನಿಯಂ ಸೀಳಿತು. ಗಾಡಿಯವನು ಬಾಡಿಗೆ ಓಡಿಸಿ ಮನೆ ನಡೆಸುವ ಮನುಷ್ಯ. ಎರಡು ವಾರ ಅವನ ದುಡಿಮೆ ನಿಂತಿತು. ಅವನು ನನ್ನನ್ನು ಬೈಯಲೂ ಇಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ. ಪೆಟ್ಟಿಗೆಯನ್ನು ಹಿಡಿದಿದ್ದದ್ದು ನಾನು ಬಿಚ್ಚದೆ ಬಿಟ್ಟಿದ್ದ ರಿವರ್ಸ್ ಶಾಫ್ಟಿನ ಬೋಲ್ಟ್. ಹೊರಗಿನಿಂದಲೇ ಕಾಣುತ್ತಿತ್ತು.

ಆದ್ದರಿಂದ ಬರಲಿಲ್ಲವೆಂದರೆ ಇನ್ನೂ ದೊಡ್ಡ ಸುತ್ತಿಗೆ ಹುಡುಕಬೇಡ, ಯಾವುದು ಹಿಡಿದಿದೆಯೋ ಅದನ್ನು ಹುಡುಕು. ಪಕ್ಕದ ಮುಚ್ಚಳ ತೆಗೆದು ಐದನೇ ಗೇರಿನ ಫೋರ್ಕಿನ ಪಿನ್ನು, ಆಮೇಲೆ ನಟ್ಟು, ಗೇರು. ಫೋರ್ಕ್ ಶಾಫ್ಟುಗಳನ್ನು ಹಿಡಿದಿಡುವ ಗುಂಡು, ಸ್ಪ್ರಿಂಗುಗಳನ್ನು ತೆಗೆದ ಕೂಡಲೇ ಒಂದು ಡಬ್ಬಿಗೆ ಹಾಕು. ರಿವರ್ಸ್ ಬೋಲ್ಟ್ ಬಿಚ್ಚು. ಆಗ ರಬ್ಬರ್ ಸುತ್ತಿಗೆಯಲ್ಲಿ ಸುತ್ತ ಮೆಲ್ಲಗೆ ತಟ್ಟಿದರೆ ಪೇಸ್ಟಿನ ಅಂಟು ಬಿಟ್ಟು ತಾನಾಗಿ ಏಳುತ್ತದೆ. ಎರಡು ಭಾಗ ಕೂಡುವ ಮುಖಕ್ಕೆ ಸ್ಕ್ರೂಡ್ರೈವರ್ ಮುಟ್ಟಿಸಲೇಬೇಡ, ಅಲ್ಲಿ ಒಂದು ಗೀರು ಬಿದ್ದರೂ ಆಯಿಲ್ ಸೋರುತ್ತದೆ. ಒಳಗಿನ ಶಾಫ್ಟುಗಳನ್ನು ಫೋರ್ಕುಗಳ ಸಮೇತ ಒಟ್ಟಿಗೇ ಎತ್ತು, ಬಿಡಿಬಿಡಿಯಾಗಿ ಎಳೆಯಬೇಡ. ಬಿಚ್ಚುವ ಮುಂಚೆಯೂ ಎತ್ತಿದ ಮೇಲೂ ಮೊಬೈಲಿನಲ್ಲಿ ಫೋಟೊ ಹಿಡಿ; ನಮ್ಮ ಕಾಲದಲ್ಲಿ ಸೀಮೆಸುಣ್ಣದ ಗುರುತೊಂದೇ ಇತ್ತು.

ಹೌಸಿಂಗ್ ಹಾಳಾಗಿದ್ದರೆ ನಿಮ್ಮ ಬೀದಿಯಲ್ಲೇ ಹಳೆಯದು ಸಿಕ್ಕೀತು. ಒಂದರ್ಧ ಮಾತ್ರ ತರಬೇಡ. ಬೇರಿಂಗ್ ಕೂರುವ ತೂತುಗಳ ನೇರ ತಪ್ಪಿದರೆ ಹೊಸ ಬೇರಿಂಗೂ ಬಾಳುವುದಿಲ್ಲ. ಜೋಡಿಯಾಗಿಯೇ ತಾ.

ಮುಚ್ಚಿದ ಮೇಲೆ ಗಾಡಿಗೆ ಏರಿಸುವ ಮುಂಚೆ, ಇನ್‌ಪುಟ್ ಶಾಫ್ಟನ್ನು ಕೈಯಲ್ಲೇ ತಿರುಗಿಸುತ್ತಾ ಐದೂ ಗೇರು, ರಿವರ್ಸು ಹಾಕಿ ನೋಡು. ಒಂದು ಬೀಳದಿದ್ದರೂ ಬೇಸರಿಸದೆ ಮತ್ತೆ ಬಿಚ್ಚು. ಎಲ್ಲ ಬಿದ್ದ ದಿನ ನನಗೊಂದು ಫೋನು ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ, ಎದ್ದಿರುತ್ತೇನೆ.